ಎಷ್ಟು ಕೆಜಿ ಬೀಳುತ್ತೆ?

ಜನವರಿ 9, 2025, ಗುರುವಾರ

ಸಂಶೋಧನೆಗೆ ಹಣ ಕೊಡುವವರಿಗೆ ಮುಂದಿನ ಐದು ವರ್ಷದ ಟಿಪ್ಪಣಿ ಬರೆದುಕೊಡಬೇಕಂತೆ. ಜಾನುವಾರು ಮತ್ತು ಮಾಂಸವನ್ನು ಕಣ್ಣಂದಾಜಿನ ಬದಲು ಉಪಕರಣದಿಂದ ಅಳೆಯುವ ತಂತ್ರಜ್ಞಾನ, ಅದರಲ್ಲಿ ಯಾವುದಕ್ಕೆ ಮೊದಲು ಹಣ ಹಾಕಬೇಕು, ಯಾವುದು ಕಾಯಬಹುದು. ಫೆಬ್ರವರಿ ಮೂರನೇ ವಾರದೊಳಗೆ ಕೈಸೇರಲಿ ಎಂದಿದ್ದಾರೆ. ದಾರಿ ತೋರಲೆಂದು ಒಂದು ಮಾದರಿ ಪಟ್ಟಿಯನ್ನೂ ಲಗತ್ತಿಸಿದ್ದಾರೆ. ಅದರ ತಲೆಯಲ್ಲೇ ಡೆಕ್ಸಾ ಯಂತ್ರ ಕೂತಿದೆ.

ಡೆಕ್ಸಾ ಮೇಲೆ ನನಗೇನೂ ಸಿಟ್ಟಿಲ್ಲ. ಎರಡು ಶಕ್ತಿಮಟ್ಟದ ಎಕ್ಸ್-ರೇ ಹಾಯಿಸಿ ಮೂಳೆ ಎಷ್ಟು, ಕೊಬ್ಬು ಎಷ್ಟು, ಕೆಂಪು ಮಾಂಸ ಎಷ್ಟು ಎಂದು ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ದಿನಕ್ಕೆ ಸಾವಿರಾರು ಕುರಿ ಒಂದೇ ಸಾಲಿನಲ್ಲಿ ತೂಗಾಡಿಕೊಂಡು ಸಾಗುವ ಕಾರ್ಖಾನೆಗಳಲ್ಲಿ ಅದನ್ನು ಕೂರಿಸಿದ್ದಾರೆ. ಅಲ್ಲಿ ಅದಕ್ಕೊಂದು ಅರ್ಥವಿದೆ. ದನ ಮಾರಿದವನು ತಲೆಗೆ ಐದು ಡಾಲರ್ ಕಟ್ಟುತ್ತಾನೆ, ಅದರಲ್ಲಿ ಒಂದು ಪಾಲು ಸಂಶೋಧನೆಗೆ ಹೋಗುತ್ತದೆ, ಸಂಶೋಧನೆಗೆ ಸರ್ಕಾರವೂ ಸರಿಸಮ ಹಾಕುತ್ತದೆ. ಹಣ ಹಾಕಿದವನು ಅಳತೆ ಕೇಳುತ್ತಾನೆ.

ನಮ್ಮಲ್ಲಿ? 2019ರ ಗಣತಿಯಲ್ಲಿ ಕರ್ನಾಟಕದಲ್ಲಿ 1.11 ಕೋಟಿ ಕುರಿ, 61 ಲಕ್ಷದ ಮೇಲೆ ಮೇಕೆ. ಇಷ್ಟರಲ್ಲಿ ತಕ್ಕಡಿಯ ಮೇಲೆ ನಿಂತು ಮಾರಾಟವಾದದ್ದು ನಾನು ಕಣ್ಣಾರೆ ಕಂಡದ್ದು ಬಲು ಕಡಿಮೆ. ಈಗ 21ನೇ ಗಣತಿಯವರು ಓಡಾಡುತ್ತಿದ್ದಾರೆ. ತಳಿ ಕೇಳುತ್ತಾರೆ, ಈ ಸಲ ವಲಸೆ ಕುರಿಗಾರರನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಒಳ್ಳೆಯದೇ. ಆದರೂ ಎಣಿಸುವುದು ತಲೆಗಳನ್ನು.

ಜನವರಿ 12, ಭಾನುವಾರ

ಬೆಳಗಿನ ಆರು ಗಂಟೆಗೇ ಆರ್.ಟಿ. ನಗರದ ಮಟನ್ ಅಂಗಡಿಗೆ ಹೋದೆ, ಪಿಎಚ್ ಮೀಟರ್ ಚೀಲದಲ್ಲಿಟ್ಟುಕೊಂಡು. ಭಾಯ್ ನನಗೆ ಹಳಬರು. ನಮ್ಮ ಮಾವ ಬದುಕಿದ್ದಾಗ ಇವರ ಅಂಗಡಿ ಬಿಟ್ಟು ಬೇರೆ ಕಡೆ ತರುತ್ತಿರಲಿಲ್ಲ. ಕೊಕ್ಕೆಗೆ ಹಾಕಿದ್ದ ಹಿಂದೊಡೆಗೆ ಸಣ್ಣದಾಗಿ ಚಾಕು ತಾಗಿಸಿ ಪ್ರೋಬ್ ಇಳಿಸಿದೆ. ಅಂಕಿ ಸ್ವಲ್ಪ ಕುಣಿದು 6.7ಕ್ಕೆ ನಿಂತಿತು.

"ಏನ್ ಮೇಡಂ, ಶುಗರ್ ಟೆಸ್ಟಾ?" ಎಂದರು ಭಾಯ್. ಸರದಿಯಲ್ಲಿದ್ದವರೆಲ್ಲ ನಕ್ಕರು.

ಅವರು ಹೇಳಿದ್ದು ಅಷ್ಟೇನೂ ದೂರವಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಪ್ರಾಣ ಹೋದ ಮೇಲೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಪಿಎಚ್ 7ರ ಆಸುಪಾಸಿನಿಂದ ನಿಧಾನವಾಗಿ ಇಳಿದು 5.4ರಿಂದ 5.8ರೊಳಗೆ ನಿಲ್ಲುತ್ತದೆ. ಪ್ರಾಣಿ ದಣಿದಿದ್ದರೆ, ಲಾರಿಯಲ್ಲಿ ಹೆದರಿ ಹಸಿದು ಬಂದಿದ್ದರೆ, ಸಕ್ಕರೆ ಮೊದಲೇ ಖಾಲಿ. ಆಗ ಪಿಎಚ್ 6ರ ಮೇಲೇ ಉಳಿದು ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಬೇಗ ಕೆಡುತ್ತದೆ. ಇದೆಲ್ಲ ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದ್ದು. ಪಾಠದಲ್ಲಿರುವ ಅಂಕಿ ಮಾತ್ರ ಕೊಯ್ದ 24 ಗಂಟೆಯ ನಂತರದ್ದು, ತಣ್ಣನೆಯ ಕೋಣೆಯಲ್ಲಿ ನೇತಾಡುವ ಮಾಂಸದ್ದು. ಭಾಯ್ ಅಂಗಡಿಯ ಮಟನ್ ಬೆಳಗಿನ ಜಾವ ಕೊಯ್ದದ್ದು, ಮಧ್ಯಾಹ್ನ ಒಂದಕ್ಕೆ ಯಾರದೋ ಮನೆಯ ಕುಕ್ಕರಿನಲ್ಲಿ ನಾಲ್ಕನೇ ವಿಷಲ್ ಹೊಡೆದಿರುತ್ತದೆ. 24 ಗಂಟೆಯ ಅಳತೆಗೆ ಇಲ್ಲಿ ಮಾಂಸವೇ ಉಳಿದಿರುವುದಿಲ್ಲ!

ಹಾಗಾಗಿ ಮಾದರಿ ಪಟ್ಟಿಯಲ್ಲಿರುವ ಯಂತ್ರಗಳಲ್ಲಿ ಅರ್ಧಕ್ಕರ್ಧ ಶೀತಲ ಕೋಣೆ ಮೊದಲೇ ಇದೆಯೆಂದುಕೊಂಡಿವೆ. ಮಾಂಸದೊಳಗಿನ ಕೊಬ್ಬನ್ನು ಬೆಳಕಿನಿಂದ ಅಳೆಯುವುದು, ಕತ್ತರಿಸಿದ ಮುಖದ ಬಣ್ಣಕ್ಕೆ ಕ್ಯಾಮೆರಾ ಹಿಡಿಯುವುದು, ಎಲ್ಲವೂ. ಇಲ್ಲಿನ ಗಿರಾಕಿಗೆ ಬಿಸಿ ಮಾಂಸ ಬೇಕು, ತನ್ನ ಕಣ್ಣೆದುರೇ ಕತ್ತರಿಸಬೇಕು, ತೊಡೆಯೋ ಎದೆಯೋ ಎಲ್ಲಕ್ಕೂ ಒಂದೇ ದರ, ಕೆಜಿಗೆ ಎಂಟುನೂರರ ಆಚೀಚೆ. ಮೃದುವಾದದ್ದಕ್ಕೆ ಯಾರೂ ಹತ್ತು ರೂಪಾಯಿ ಹೆಚ್ಚು ಕೊಡುವುದಿಲ್ಲ. ಬೆಲೆ ಇಲ್ಲದ ಗುಣವನ್ನು ಅಳೆದು ಯಾರ ಕೈಗೆ ಕೊಡಲಿ?

ಜನವರಿ 16, ಗುರುವಾರ

ದೊಡ್ಡಬಳ್ಳಾಪುರದ ಆಚೆಯ ಒಂದು ಸಂತೆ. ಜೊತೆಗೆ ವಿಭಾಗದ ಕಿರಿಯ ಸಹೋದ್ಯೋಗಿ. ಹಬ್ಬ ಈಗಷ್ಟೇ ಮುಗಿದಿದ್ದರಿಂದ ಗಿರಾಕಿ ಕಡಿಮೆ, ಕುರಿ ಜಾಸ್ತಿ.

ದಲ್ಲಾಳಿಯ ಕೈಯನ್ನೇ ನೋಡುತ್ತ ನಿಂತೆ. ಒಂದು ಟಗರಿನ ಮರಿ. ಮೊದಲು ತುಟಿ ಎತ್ತಿ ಹಲ್ಲು ನೋಡಿದ: "ಎರಡು ಹಲ್ಲು." ಆಮೇಲೆ ಸೊಂಟದ ಮೇಲೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಒತ್ತಿದ. ಮೂಳೆಯ ತುದಿ ಚುಚ್ಚುತ್ತದೋ, ಮಾಂಸದಲ್ಲಿ ಹೂತಿದೆಯೋ ಎಂದು ನೋಡುವುದು. ನಾವು ವಿದ್ಯಾರ್ಥಿಗಳಿಗೆ ಒಂದರಿಂದ ಐದರವರೆಗೆ ಅಂಕ ಹಾಕಲು ಕಲಿಸುವ ಪರೀಕ್ಷೆ ಇದೇ. ಕೊನೆಗೆ ಬಾಲದ ಬುಡ ಹಿಡಿದ, ಮುಂಗಾಲ ಸಂದಿಗೆ ಕೈ ಕೊಟ್ಟು ಒಂದು ಸಲ ಎತ್ತಿ ಇಳಿಸಿದ.

"ಹದಿಮೂರು ಬೀಳುತ್ತೆ."

ಅಂದರೆ ತಲೆ, ಕಾಲು, ಚರ್ಮ, ಬೋಟಿ ಎಲ್ಲ ಹೋಗಿ ಹದಿಮೂರು ಕೆಜಿ ಮಾಂಸ. ಜೋಲಿ ಕಟ್ಟಿ ನಮ್ಮ ತೂಗುಕೊಕ್ಕೆಗೆ ಹಾಕಿದೆವು. ಮರಿ ಒದ್ದಾಡಿತು, ಅಂಕಿ 27ಕ್ಕೂ 30ಕ್ಕೂ ನಡುವೆ ಜೀಕಿತು, ಸುಮ್ಮನಾದ ಮೇಲೆ 28.4. ನೂರಕ್ಕೆ ನಲವತ್ತೈದು ನಲವತ್ತಾರು ಎಂದಿಟ್ಟುಕೊಂಡರೆ ಹದಿಮೂರೇ. ದಲ್ಲಾಳಿ ನಮ್ಮ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ.

ಅವನ ಕೈ ಅಷ್ಟು ಪಳಗಿರುವುದು ಯಾಕೆ ಎಂದು ವಾಪಸು ಬರುವ ದಾರಿಯಲ್ಲಿ ಯೋಚಿಸಿದೆ. ಇವತ್ತು ಅಂದಾಜು ಮಾಡಿದ್ದರ ಉತ್ತರ ಅವನಿಗೆ ನಾಳೆ ಬೆಳಿಗ್ಗೆ ಅಂಗಡಿಯ ತಕ್ಕಡಿಯಲ್ಲಿ ಸಿಗುತ್ತದೆ. ತಪ್ಪಿದರೆ ಮುಂದಿನ ವಾರ ತಿದ್ದಿಕೊಳ್ಳುತ್ತಾನೆ. ಕುರಿಯವನಿಗೆ ಆ ಉತ್ತರ ಸಿಗುವುದೇ ಇಲ್ಲ. ಜೀವಮಾನವಿಡೀ ಕುರಿ ಸಾಕಿದವನು ತನ್ನ ಒಂದು ಕುರಿಯೂ ಎಷ್ಟು ಬಿತ್ತು ಎಂದು ತಿಳಿಯದೆ ಮಾರುತ್ತಾನೆ. ಇವತ್ತಿನ ಆ ಮರಿಯ ಚೌಕಾಸಿ ಹನ್ನೊಂದೂವರೆ ಸಾವಿರ ಎಂದು ಶುರುವಾಗಿ ಒಂಬತ್ತು ಸಾವಿರದ ಎಂಟುನೂರಕ್ಕೆ ಮುಗಿಯಿತು. ನ್ಯಾಯವಾದ ದರವೇ ಇರಬಹುದು. ಹೌದೋ ಅಲ್ಲವೋ ಎಂದು ನೋಡಲು ಅವನ ಹತ್ತಿರ ಏನಿತ್ತು?

ತೂಕ ಹಾಕಿ ಮಾರಿ ಎಂದರೆ ಅವನೇ ಒಪ್ಪಲಿಲ್ಲ, ಅದು ಬೇರೆ ಮಾತು. "ತೂಕ ಹಾಕಿದ್ರೆ ಯಾಪಾರ ಕೆಡ್ತದೆ ಡಾಕ್ಟ್ರಮ್ಮಾ. ಬಕ್ರೀದಿಗೆ ಕೊಂಬು, ಬಣ್ಣ ನೋಡಿ ತಗೋತಾರೆ, ಅಲ್ಲಿ ತೂಕ ಯಾರ್ ಕೇಳ್ತಾರೆ?" ಸರಿಯಾಗಿಯೇ ಹೇಳಿದ. ಪಕ್ಕದಲ್ಲಿದ್ದ ಇನ್ನೊಬ್ಬ ನಗುತ್ತ, ರಾತ್ರಿ ಉಪ್ಪು ನೆಕ್ಕಿಸಿ ಬೆಳಿಗ್ಗೆ ನೀರಿಗೆ ಬಿಟ್ಟರೆ ನಿಮ್ಮ ಯಂತ್ರ ಏನು ಮಾಡುತ್ತೆ ಎಂದ. ಮೂರು ಲೀಟರ್ ನೀರು, ಮೂರು ಕೆಜಿ. ಸಂಶೋಧನೆಯ ಪ್ರಶ್ನೆ ಎಂದರೆ ಇದು. ಸಹೋದ್ಯೋಗಿಗೆ ಬರೆದುಕೋ ಎಂದೆ.

ಜನವರಿ 21, ಮಂಗಳವಾರ

ಯಲಹಂಕಕ್ಕೆ, ರಾಮಗೊಂಡನಹಳ್ಳಿಯ ನಿವೇದಿ ಸಂಸ್ಥೆಗೆ. ಹಳೆಯ ಶಿಷ್ಯೆಯೊಬ್ಬಳು ಅಲ್ಲಿದ್ದಾಳೆ. ಜಾನುವಾರು ರೋಗ ಯಾವ ಜಿಲ್ಲೆಯಲ್ಲಿ ಕಾಣಿಸಿಕೊಳ್ಳಬಹುದೆಂದು ಎರಡು ತಿಂಗಳು ಮುಂಚೆಯೇ ಎಚ್ಚರಿಸುವ ವ್ಯವಸ್ಥೆ ಅವರದು. ರೋಗದ ವಿಷಯದಲ್ಲಿ ನಾವು ಅಳೆಯುವುದನ್ನು ಕಲಿತೆವು ಅನಿಸುತ್ತದೆ. ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾಗಿ ಈ ವರ್ಷಕ್ಕೆ ನೂರು. 1925ರಲ್ಲಿ ದನಗಳ ದೊಡ್ಡರೋಗಕ್ಕೆ ಹೆದರಿ ಕಟ್ಟಿದ್ದು. ರಕ್ತ ತೆಗೆ, ಟೈಟರ್ ನೋಡು, ನಕ್ಷೆಯಲ್ಲಿ ಗುರುತಿಸು. ದೊಡ್ಡರೋಗ ದೇಶ ಬಿಟ್ಟೇ ಹೋಯಿತು.

ಅವಳು ಕಿವಿಯೋಲೆಯ ಮಾತು ತೆಗೆದಳು. ಹನ್ನೆರಡು ಅಂಕಿಯ ಆ ಹಳದಿ ಬಿಲ್ಲೆ. ಲಸಿಕೆ ಹಾಕಿದ್ದು, ಕರು ಹಾಕಿದ್ದು ಎಲ್ಲ ಆ ಸಂಖ್ಯೆಗೆ ಸೇರುತ್ತದೆ. ಕುರಿಗಳಿಗೂ ಬರುತ್ತಿದೆ. "ಹಾಗಾದ್ರೆ ಮಾಂಸದ ತೂಕವನ್ನೂ ಅದಕ್ಕೇ ಸೇರಿಸಬಹುದಲ್ಲ ಮೇಡಂ?" ಎಂದಳು. ಸೇರಿಸಬಹುದು, ಆದರೆ ಬಿಲ್ಲೆ ಇರುವುದು ಕಿವಿಯಲ್ಲಿ, ಕಿವಿ ಇರುವುದು ತಲೆಯಲ್ಲಿ, ತಲೆ ಮೊದಲೇ ಬೇರೆಯಾಗಿ ಬೇರೆ ಬೆಲೆಗೆ ಮಾರಾಟವಾಗುತ್ತದೆ. ಕೊಕ್ಕೆಯಲ್ಲಿ ನೇತಾಡುವ ಮಾಂಸಕ್ಕೆ ಹೆಸರಿಲ್ಲ. ಆ ಒಂದು ಗಳಿಗೆಯಲ್ಲಿ, ತಲೆ ಬೇರೆಯಾಗುವಾಗ, ಸಂಖ್ಯೆಯನ್ನು ಮುಂಡಕ್ಕೆ ದಾಟಿಸುವ ಅಗ್ಗದ ಉಪಾಯ ಬೇಕು. ಬಿಸಿ, ರಕ್ತ, ನೀರು, ಅವಸರ ಎಲ್ಲ ತಡೆದುಕೊಳ್ಳುವಂಥದ್ದು. ಇದಕ್ಕೆ ಎಕ್ಸ್-ರೇ ಬೇಕಿಲ್ಲ.

ಬರುವಾಗ ಮದರ್ ಡೈರಿ ದಾಟಿದೆ. ಟ್ಯಾಂಕರುಗಳು ಸಾಲುಗಟ್ಟಿದ್ದವು. ಉತ್ತರ ಇಷ್ಟು ಹತ್ತಿರ ಇತ್ತಲ್ಲ ಅನಿಸಿತು. ಅಮ್ಮ ಊರಿನ ಡೈರಿಗೆ ಹಾಲು ಹಾಕಿ ಬಂದಾಗ ಮೊದಲು ಹೇಳುತ್ತಿದ್ದದ್ದು ಲೀಟರ್ ಅಲ್ಲ, "ಫ್ಯಾಟ್ ಇಷ್ಟು ಬಂತು" ಅಂತ. ಮೊದಮೊದಲು ಗರ್ಬರ್ ವಿಧಾನ: ಗಾಜಿನ ನಳಿಕೆಗೆ ಹತ್ತು ಎಂಎಲ್ ಗಂಧಕಾಮ್ಲ, 10.75 ಎಂಎಲ್ ಹಾಲು, ಒಂದು ಎಂಎಲ್ ಅಮೈಲ್ ಆಲ್ಕೊಹಾಲ್, ಗರಗರ ತಿರುಗಿಸಿ ಗೆರೆ ಓದುವುದು. ಕಾರ್ಯದರ್ಶಿಯ ಅಂಗಿ ತುಂಬ ಆಸಿಡ್ಡಿನ ತೂತುಗಳು. ಈಗ ಯಂತ್ರಕ್ಕೆ ಒಂದು ಲೋಟ ಇಟ್ಟರೆ ನಿಮಿಷದೊಳಗೆ ಫ್ಯಾಟ್, ಎಸ್‌ಎನ್‌ಎಫ್, ರೂಪಾಯಿ ಎಲ್ಲ ಚೀಟಿಯಲ್ಲಿ ಬರುತ್ತದೆ. ಹಾಲಿಗೂ ಜನ ನೀರು ಹಾಕುತ್ತಿದ್ದರು. ಅದಕ್ಕೆ ಲ್ಯಾಕ್ಟೋಮೀಟರ್ ಬಂತು. "ಡಿಗ್ರಿ ಬರಲಿಲ್ಲ" ಎಂದು ವಾಪಸು ಕಳಿಸಿದ ದಿನ ಅಮ್ಮ ಎಮ್ಮೆಗೇ ಬೈದಿದ್ದಳು. ಅಳತೆ ಒಂದು ಬಂದರೆ ಅದನ್ನು ಏಮಾರಿಸುವ ದಾರಿ ಬರುತ್ತದೆ, ಅದರ ಹಿಂದೆ ಎರಡನೆಯ ಅಳತೆ. ಸಂತೆಯ ನೀರು ಕುಡಿದ ಕುರಿಗೂ ಎರಡನೆಯ ಅಳತೆ ಹುಡುಕಬೇಕು.

ಜನವರಿ 23, ಗುರುವಾರ

ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತು, ಮಾಂಸದಂಗಡಿ ಮುಚ್ಚಿದವು. ಇವತ್ತಿನಿಂದ ಫೆಬ್ರವರಿ 17ರವರೆಗೆ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತೆಯೂ ಇಲ್ಲ. ಚೂರುಪಾರಿಗೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ. ಕಾರಣ ಸರಿ. ನಮ್ಮ ಸಹಕಾರನಗರ ನಿಸ್ಸಂದೇಹವಾಗಿ ಒಳಗೆ.

ಭಾಯ್ ಅಂಗಡಿಯ ಮುಂದೆ ಇಬ್ಬರು ಹುಡುಗರು ಫೋನಿನಲ್ಲಿ ಮ್ಯಾಪ್ ಹಿಡಿದು ಅಳೆಯುತ್ತಿದ್ದರು. ರಸ್ತೆಯ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಬರುತ್ತದೆ, ನೇರ ಗೆರೆ ಎಳೆದರೆ ಹನ್ನೆರಡು ಚಿಲ್ಲರೆ. "ಹದ್ದು ಬಸ್ಸಲ್ಲಿ ಹೋಗಲ್ವಲ್ಲ ಮೇಡಂ," ಎಂದು ಭಾಯ್ ತಾವೇ ಶಟರ್ ಎಳೆದರು. ಇಪ್ಪತ್ತಾರು ದಿನ. ಅಂಗಡಿಯ ಹುಡುಗರ ಕೂಲಿ ಅವರದೇ ತಲೆಗೆ. ಮಾತಿಗೆ ಕೂತಾಗ ಹಳೆಯ ನೋಟ್‌ಬುಕ್ ತೋರಿಸಿದರು. ದಿನಾ ಕೊಯ್ದ ಪ್ರತಿ ಕುರಿ ಎಷ್ಟು ಬಿತ್ತು, ಯಾವ ಸಂತೆಯದು, ಎಷ್ಟಕ್ಕೆ ತಂದದ್ದು, ಉರ್ದುವಿನಲ್ಲಿ ಸಾಲುಸಾಲು. ಸರಿಯಾಗಿ ಕೇಳಿದರೆ ಈ ಊರಿನಲ್ಲಿ ಮಾಂಸದ ದತ್ತಾಂಶ ಇಲ್ಲವೆನ್ನುವಂತಿಲ್ಲ, ಗಲ್ಲಾಪೆಟ್ಟಿಗೆಯ ಕೆಳಗಿದೆ. ಪ್ರತಿ ತೆಗೆಯಲು ಕೊಡುತ್ತೀರಾ ಎಂದೆ. ಇನ್‌ಕಮ್ ಟ್ಯಾಕ್ಸ್ ನೆನಪಾಯಿತೋ ಏನೋ, ನೋಡೋಣ ಎಂದರು.

ಜನವರಿ 30, ಗುರುವಾರ

ಸರ್ವೋದಯ ದಿನ, ಊರಿಗೆಲ್ಲ ಮಾಂಸ ಬಂದ್. ಮನೆಯಲ್ಲಿ ಬದನೆಕಾಯಿ.

ಕಡತ ತಿರುವಿ ಹಾಕುವಾಗ ಅನುಗ್ರಹ ಯೋಜನೆಯ ಸುತ್ತೋಲೆ ಸಿಕ್ಕಿತು. ಆರು ತಿಂಗಳು ದಾಟಿದ ಕುರಿ ಸತ್ತರೆ ₹5,000, ಮೂರರಿಂದ ಆರು ತಿಂಗಳ ಮರಿಗೆ ಅದಕ್ಕಿಂತ ಕಡಿಮೆ. ತೂಕದ ಮಾತೇ ಇಲ್ಲ. ಪರಿಹಾರಕ್ಕೂ ತಲೆಲೆಕ್ಕವೇ. ಬನ್ನೂರು ಟಗರಿಗೂ ಒಣಕಲು ಕುರಿಗೂ ಒಂದೇ ಬೆಲೆ.

ಫೆಬ್ರವರಿ 2, ಭಾನುವಾರ

ಬರೆಯಲು ಕೂತೆ. ಮೊದಲ ಹಣ ಎಲ್ಲಿಗೆ ಎನ್ನುವುದರಲ್ಲಿ ಈಗ ಅನುಮಾನವಿಲ್ಲ: ಸಂತೆಯ ತೂಕಕ್ಕೆ, ಮತ್ತು ಅಂಗಡಿಯ ತೂಕ ಕುರಿಯವನಿಗೆ ಮರಳುವ ದಾರಿಗೆ. ಒದ್ದಾಡುವ ಕುರಿಯ ಅಂಕಿಯನ್ನು ಸರಾಸರಿ ಮಾಡಿ ಹಿಡಿದಿಡುವ ತಕ್ಕಡಿ ಹೊಸ ಆವಿಷ್ಕಾರವೇನಲ್ಲ, ಕೊಂಡರಾಯಿತು. ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು, ಇಲ್ಲದಿದ್ದರೆ ಆ ಅಂಕಿಯ ಮೇಲೆ ವ್ಯಾಪಾರ ಮಾಡುವಂತಿಲ್ಲ. ಸಂತೆಯ ಸುಂಕವನ್ನು ಪಂಚಾಯಿತಿ ಹರಾಜು ಹಾಕುತ್ತದೆ. ತಕ್ಕಡಿಯನ್ನೂ ಅದೇ ಗುತ್ತಿಗೆಯ ಷರತ್ತಾಗಿಸಬಹುದು.

ಸಂಶೋಧನೆ ಬೇಕಿರುವುದು ನಂತರದ ಹೆಜ್ಜೆಗೆ. ಜೀವತೂಕ, ಎದೆಸುತ್ತಳತೆ, ಸೊಂಟದ ಅಂಕ, ನೀರು ಮೇವು ಬಿಟ್ಟು ಎಷ್ಟು ಹೊತ್ತಾಯಿತು, ಇಷ್ಟರಿಂದ ಎಷ್ಟು ಬೀಳುತ್ತದೆಂದು ಹೇಳುವ ಸಮೀಕರಣ, ನಮ್ಮ ತಳಿ ತಳಿಗೆ ಬೇರೆಬೇರೆ. ಎದೆಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ ಮುನ್ನೂರರಿಂದ ಭಾಗಿಸು ಎನ್ನುವ ಇಂಚು-ಪೌಂಡಿನ ಹಳೆಯ ಸೂತ್ರವನ್ನು ಇನ್ನೂ ಪಾಠ ಮಾಡುತ್ತಿದ್ದೇವೆ. ಬನ್ನೂರು ಕುರಿ ಗಿಡ್ಡ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಅಕ್ಷರದಂತೆ ತೊಡೆ ತುಂಬಿರುತ್ತದೆ. ಕೆಂಗುರಿ ಎತ್ತರ, ಕಾಲುದ್ದ, ಮೈಲಿಗಟ್ಟಲೆ ನಡೆಯುವ ಜಾತಿ. ಎರಡಕ್ಕೂ ಒಂದೇ ಸೂತ್ರವೇ?

ವಂಶವಾಹಿ ಚಿಪ್‌ನ ಬಗ್ಗೆಯೂ ಒಂದು ಮಾತು ಸೇರಿಸಿದೆ. ಕಳೆದ ಅಕ್ಟೋಬರಿನಲ್ಲಿ ದನ ಎಮ್ಮೆಗಳಿಗೆ ದೇಶದ್ದೇ ಆದ ಚಿಪ್ ಬಿಡುಗಡೆಯಾಯಿತು, ಸಂತೋಷ. ಅದು ಕೆಲಸ ಮಾಡುವುದು ಹಾಲಿನ ದಾಖಲೆ ಇರುವುದರಿಂದ. ಕುರಿಗೂ ಒಂದು ಮಾಡೋಣ ಎನ್ನುವವರು ಯಾವ ತೂಕದ ದಾಖಲೆಗೆ ಅದನ್ನು ಜೋಡಿಸುತ್ತಾರೆ?

ಇನ್ನೊಂದಕ್ಕೂ ಜಾಗ ಕೊಟ್ಟಿದ್ದೇನೆ. ಕಳೆದ ಜುಲೈನಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬಂದ ಮಾಂಸ ನಾಯಿಯದೆಂದು ಬೆಂಗಳೂರಿನ ನಿಲ್ದಾಣದಲ್ಲಿ ಗಲಾಟೆಯಾಯಿತಲ್ಲ. ಪರೀಕ್ಷೆಯಲ್ಲಿ ನಾಯಿಯದಲ್ಲವೆಂದು ತಿಳಿಯುವ ಹೊತ್ತಿಗೆ ವದಂತಿ ಊರು ಸುತ್ತಿ ಬಂದಿತ್ತು. ಯಾವ ಪ್ರಾಣಿಯ ಮಾಂಸ ಎಂಬುದನ್ನು ಅಂದೇ ಸಂಜೆಗೆ ಹೇಳುವ ಕಿಟ್, ನಿಲ್ದಾಣದಲ್ಲೇ. ಇದಕ್ಕೆ ಹಣ ಕೇಳಲು ನನಗೆ ಸಂಕೋಚವಿಲ್ಲ.

ಫೆಬ್ರವರಿ 12, ಬುಧವಾರ

ತಲೆಯ ಮೇಲೆ ದಿನವಿಡೀ ಗುಡುಗು. ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿವೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಕಾರು ನಿಲ್ಲಿಸಿ ವಿಡಿಯೊ ಮಾಡುವವರ ದೆಸೆಯಿಂದ ವಿಭಾಗ ತಲುಪುವ ಹೊತ್ತಿಗೆ ಹನ್ನೊಂದು.

ಸಹೋದ್ಯೋಗಿ ಕರಡು ಓದಿ ಜಗಳಕ್ಕೇ ಬಂದ. ಕ್ಯಾಮೆರಾವನ್ನು ಐದನೇ ವರ್ಷಕ್ಕೆ ತಳ್ಳಿದ್ದೇನೆಂದು.

"ಮೇಡಂ, ವಲಸೆ ಕುರಿಗಾರರ ಹಿಂದೆ ತಕ್ಕಡಿ ಹೊತ್ಕೊಂಡು ಹೋಗೋರು ಯಾರು? ಅವರ ಹತ್ರ ಫೋನ್ ಇದೆ. ಫೋಟೋ ಹೊಡೆದ್ರೆ ತೂಕ ಬರಬೇಕು. ನೀವು ಹೇಳೋ ಸಂತೆ ತಕ್ಕಡಿ ಸಂತೆಗೆ ಬಂದೋರಿಗೆ ಮಾತ್ರ. ಹಟ್ಟಿಗೇ ಬಂದು ದಲ್ಲಾಳಿ ಎತ್ಕೊಂಡು ಹೋಗೋ ಕುರಿಗೆ?"

ಮಾತಿನಲ್ಲಿ ಹುರುಳಿದೆ. ಮಾರಾಟ ಎಷ್ಟೋ ಹಟ್ಟಿಯಲ್ಲೇ ಆಗಿಬಿಡುತ್ತದೆ. ಆದರೆ ಉಣ್ಣೆ? ಡೆಕ್ಕನಿ ಕುರಿಗೆ ವರ್ಷಕ್ಕೆರಡು ಸಲ ಕತ್ತರಿ. ಕತ್ತರಿಸುವ ಹಿಂದಿನ ದಿನದ ಫೋಟೋಗೂ ಮರುದಿನದ ಫೋಟೋಗೂ ಕ್ಯಾಮೆರಾ ಕಣ್ಣಲ್ಲಿ ಐದಾರು ಕೆಜಿ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಬಳ್ಳಾರಿ ಕುರಿಯ ಕಪ್ಪು ಮೈ ಬಿಸಿಲಲ್ಲಿ ಒಂದು ಥರ, ನೆರಳಲ್ಲಿ ಒಂದು ಥರ. ಬೇರೆ ದೇಶದ ಬೋಳು ಮೈ ಕುರಿಗಳ ಮೇಲೆ ಕಲಿತ ಮಾದರಿ ತಂದು ಇಲ್ಲಿ ಬಿಟ್ಟರೆ ದಲ್ಲಾಳಿಯೇ ನಗುತ್ತಾನೆ, ಅವನ ಹೆಬ್ಬೆರಳೇ ಮೇಲು.

"ಅದಕ್ಕೇ ಇಲ್ಲೇ ಕಲಿಸಬೇಕು ಅನ್ನೋದು," ಎಂದ. ಕಲಿಸಲು ತೂಗಿದ ಕುರಿ ಬೇಕಲ್ಲ ಎಂದೆ. ಹಾಗಾದರೆ ತೂಗುವ ಪ್ರತಿ ಕುರಿಗೂ ಮೊದಲ ದಿನದಿಂದಲೇ ಫೋಟೋ ಹೊಡೆಯೋಣ, ಐದನೇ ವರ್ಷಕ್ಕೆ ಕಾಯುವುದೇಕೆ ಎಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಬೇಕೂ ಇರಲಿಲ್ಲ. ತಕ್ಕಡಿಯ ಚೌಕಟ್ಟಿಗೇ ಎರಡು ಕ್ಯಾಮೆರಾ, ಮೇಲಿಂದ ಒಂದು, ಪಕ್ಕದಿಂದ ಒಂದು. ಮೊದಲ ವರ್ಷದ ಬಾಬತ್ತಿಗೇ ಸೇರಿಸಿದೆ. ಅಲ್ಟ್ರಾಸೌಂಡ್ ಬೇಕೆಂದೂ ಹಟ ಹಿಡಿದ. ಹನ್ನೆರಡು ಹದಿಮೂರನೇ ಪಕ್ಕೆಲುಬಿನ ನಡುವೆ ಬೆನ್ನಿನ ಸ್ನಾಯು ಎಷ್ಟು ಅಗಲ, ಕೊಬ್ಬು ಎಷ್ಟು ದಪ್ಪ ಎಂದು ಜೀವಂತ ಇರುವಾಗಲೇ ನೋಡುವುದು. ತಳಿ ಕೇಂದ್ರಗಳ ಟಗರುಗಳಿಗೆ ಮಾತ್ರ ಎಂದು ಒಪ್ಪಂದವಾಯಿತು. ಬೀಜದ ಟಗರು ಆರಿಸುವಲ್ಲಿ ಅದು ಬೇಕು, ಸಂತೆಯಲ್ಲಿ ಬೇಡ.

ಡೆಕ್ಸಾ ಬೇಡವೆಂದು ಬರೆದ ವಾಕ್ಯವನ್ನು ಮೆತ್ತಗೆ ಮಾಡಿ ಎಂದ. ಮಾಡಲಿಲ್ಲ.

ಫೆಬ್ರವರಿ 18, ಮಂಗಳವಾರ

ನಿನ್ನೆಗೆ ನಿಷೇಧ ಮುಗಿಯಿತು. ಇವತ್ತು ಭಾಯ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ನೋಟ್‌ಬುಕ್ ವಿಷಯ ಕೇಳಿದೆ. ಖರೀದಿ ಬೆಲೆಯ ಕಾಲಂ ಮುಚ್ಚಿಕೊಂಡು ಉಳಿದದ್ದರ ಫೋಟೋ ತೆಗೆದುಕೊಳ್ಳಬಹುದಂತೆ, ಬಿಡುವಾದಾಗ ಬನ್ನಿ ಎಂದರು. ಬೆಲೆ ನನಗೂ ಬೇಡ. ಸಂತೆ ಮತ್ತು ತೂಕ ಸಾಕು.

ಟಿಪ್ಪಣಿ ಮಧ್ಯಾಹ್ನ ಹೋಯಿತು. ಟಿಪ್ಪಣಿ ಕೇಳಿದವರಿಂದ ಸಂಜೆಗೇ ಫೋನ್: ಇದರಲ್ಲಿ ದೊಡ್ಡ ಉಪಕರಣ ಯಾವುದೂ ಇಲ್ಲವಲ್ಲ, ಹಣ ಖರ್ಚಾಗುವುದು ಹೇಗೆ ಎಂದು ಕೇಳಿದರು. ತಕ್ಕಡಿಯ ಪಕ್ಕದಲ್ಲಿ ಐದು ವರ್ಷ, ಪ್ರತಿ ಸಂತೆಯ ದಿನ, ನಿಂತು ಬರೆದುಕೊಳ್ಳುವ ಹುಡುಗ ಹುಡುಗಿಯರ ಸಂಬಳಕ್ಕೆ ಎಂದೆ. ಸಂಬಳವನ್ನು ಉಪಕರಣದ ಶೀರ್ಷಿಕೆಯಡಿ ಹಾಕಲು ಬರುವುದಿಲ್ಲವಂತೆ. ಬೇರೆ ಶೀರ್ಷಿಕೆ ಹುಡುಕಿ, ಶುಕ್ರವಾರದೊಳಗೆ ತಿದ್ದಿ ಕಳಿಸಿ ಎಂದಿದ್ದಾರೆ. ಲೆಕ್ಕವಿಭಾಗದವರನ್ನು ನಾಳೆ ಬೆಳಿಗ್ಗೆಯೇ ಹಿಡಿಯಬೇಕು, ಗುರುವಾರ ನಾನು ಸಂತೆಯಲ್ಲಿರುತ್ತೇನೆ.